ಹನ್ನೆರಡು ಬಿರುಕು, ಮೂರು ಶನಿವಾರ

ಬಿ.ಎಸ್ಸಿ. ಕೊನೆಯ ವರ್ಷದಲ್ಲಿ ನಾನು ನಮ್ಮ ಹೊಲದ ಬಿರುಕುಗಳನ್ನು ಅಳೆದೆ. ಇದನ್ನು ಯಾರಿಗಾದರೂ ಹೇಳಿದರೆ ಮೊದಲು ನಗುತ್ತಾರೆ, ಆಮೇಲೆ ಯಾಕೆ ಎಂದು ಕೇಳುತ್ತಾರೆ.

ಧಾರವಾಡದ ಒಂದು ಕಾಲೇಜಿನಲ್ಲಿ ಭೂವಿಜ್ಞಾನ ಓದುತ್ತಿದ್ದೆ. ಊರು ಹುಬ್ಬಳ್ಳಿ ಹತ್ತಿರದ ಸುಳ್ಳ. ವಾರವೆಲ್ಲ ಹಾಸ್ಟೆಲಿನಲ್ಲಿದ್ದು, ಶನಿವಾರ ಎರಡು ಬಸ್ಸು ಬದಲಿಸಿ ಮನೆಗೆ ಹೋಗುತ್ತಿದ್ದೆ. ಕೊನೆಯ ಸೆಮಿಸ್ಟರಿನಲ್ಲಿ ಪ್ರತಿಯೊಬ್ಬರೂ ಒಬ್ಬ ಅಧ್ಯಾಪಕರ ಕೈಕೆಳಗೆ ಒಂದು ಪ್ರಾಜೆಕ್ಟ್ ಮಾಡಬೇಕಿತ್ತು. ಹೆಚ್ಚಿನವರು ಹಿಂದಿನ ವರ್ಷದವರ ವರದಿಯೊಂದನ್ನು ಝೆರಾಕ್ಸ್ ಅಂಗಡಿಯಿಂದ ತಂದು, ಊರಿನ ಹೆಸರು ಬದಲಿಸಿ, ಹೊಸ ರಟ್ಟು ಹಾಕಿಸುತ್ತಿದ್ದರು. ಅದನ್ನು ಯಾರೂ ದೊಡ್ಡ ತಪ್ಪೆಂದು ತಿಳಿದಿರಲಿಲ್ಲ. ನಾನೂ ಅದಕ್ಕೇ ತಯಾರಾಗಿದ್ದೆ. ನನ್ನ ಪಾಲಿಗೆ ಬೇರೆ ಯಾರಾದರೂ ಬಂದಿದ್ದರೆ ಹಾಗೇ ಮುಗಿಸುತ್ತಿದ್ದೆ.

ನನಗೆ ಬಂದ ಮೇಡಮ್‌ಗೆ ಆಗ ಐವತ್ತರ ಆಸುಪಾಸು. ಕನ್ನಡಕಕ್ಕೆ ಕಪ್ಪು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿರುತ್ತಿದ್ದರು. ಮಧ್ಯಾಹ್ನ ಸ್ಟಾಫ್ ರೂಮಿಗೆ ಹೋಗದೆ, ಕಲ್ಲಿನ ತುಣುಕುಗಳನ್ನು ಸಾಲಾಗಿ ಜೋಡಿಸಿಟ್ಟ ಲ್ಯಾಬಿನಲ್ಲೇ ಡಬ್ಬಿ ಬಿಚ್ಚಿ ಊಟ ಮಾಡುತ್ತಿದ್ದರು. ಅವರು ಯಾರನ್ನಾದರೂ ಹೊಗಳಿದ್ದು ನನಗೆ ನೆನಪಿಲ್ಲ, ಬೈದದ್ದೂ ನೆನಪಿಲ್ಲ. ವಿಷಯ ಯಾವುದು ತೆಗೆದುಕೊಳ್ಳಲಿ ಎಂದು ಕೇಳಲು ಹೋದಾಗ ಊಟದ ನಡುವೆಯೇ ನನ್ನನ್ನು ಎದುರಿನ ಸ್ಟೂಲಿನ ಮೇಲೆ ಕೂರಿಸಿದರು.

“ನಿಮ್ಮೂರಾಗ ನೀ ದಿನಾ ನೋಡಿದ್ದು, ಆದ್ರ ನಿನಗ ತಿಳೀಲಾರದ್ದು ಏನರೆ ಅದ ಏನು?”

ಇಂಥ ಪ್ರಶ್ನೆಯನ್ನು ನಾನು ನಿರೀಕ್ಷಿಸಿರಲಿಲ್ಲ. ಏನಾದರೂ ಹೇಳಬೇಕಲ್ಲ ಎಂದು ಹೇಳಿದೆ.

“ಬ್ಯಾಸಗಿಯೊಳಗ ನಮ್ಮ ಎರಿಹೊಲ ಬಿರೀತೈತ್ರಿ ಮೇಡಮ್. ಮಳಿ ಆದ ಮ್ಯಾಲೆ ಮುಚ್ಚತೈತಿ. ಮತ್ತ ಬಿರಿಯೋ ಮುಂದ ಅದ ಜಾಗಾದಾಗ ಬಿರೀತೈತೋ, ಬ್ಯಾರೆ ಕಡೆ ಬಿರೀತೈತೋ ಗೊತ್ತಿಲ್ರಿ.”

“ನಿಮ್ಮ ಅಪ್ಪಾರಿಗೆ ಗೊತ್ತದ ಏನು?”

“ಕೇಳಿಲ್ರಿ.”

“ಕೇಳಬ್ಯಾಡ. ಮೊದಲ ನೀ ನೋಡು. ಆಮ್ಯಾಲೆ ಕೇಳು.”

ಅಷ್ಟೇ. ನನ್ನ ವಿಷಯ ಆಯ್ಕೆಯಾಗಿತ್ತು. ಹಾಸ್ಟೆಲಿಗೆ ನಡೆದು ಹೋಗುವಾಗ ಸುಮ್ಮನೆ ಬಾಯಿ ಬಿಟ್ಟೆನಲ್ಲ ಎಂದು ಬೇಜಾರಾಗಿತ್ತು.

ಕಡಲೆ ಕಿತ್ತ ಮೇಲೆ ಅಪ್ಪ ಆ ಕರಿಮಣ್ಣಿನ ಹೊಲಕ್ಕೆ ಕುಂಟೆ ಹೊಡೆಸುತ್ತಿದ್ದರು. ಕುಂಟೆ ಹೊಡೆದರೆ ಮೇಲಿನ ಮಣ್ಣು ಸಡಿಲಾಗಿ ಬಿರುಕುಗಳೆಲ್ಲ ಮುಚ್ಚಿಹೋಗುತ್ತವೆ. ಒಂದು ಮೂಲೆಯಲ್ಲಿ ಸ್ವಲ್ಪ ಜಾಗ ಹಾಗೇ ಬಿಡಬೇಕು ಎಂದು ಕೇಳಿದೆ. ಎಷ್ಟು ಜಾಗ, ಎಲ್ಲಿಯವರೆಗೆ ಎಂದು ಮಾತ್ರ ಅಪ್ಪ ಕೇಳಿದರು. ಟ್ರ್ಯಾಕ್ಟರಿನವನಿಗೆ ನಾಲ್ಕು ಮೂಲೆಗೆ ಹತ್ತಿಕಟ್ಟಿಗೆ ನೆಟ್ಟು ತೋರಿಸಿದರು. ಬಾಜು ಹೊಲದ ಕಾಕಾ ಬದುವಿನ ಮೇಲೆ ನಿಂತು, “ಅಷ್ಟ ಯಾಕ ಬಿಟ್ಟಿ?” ಎಂದು ಕೇಳಿದಾಗ ಅಪ್ಪ, “ಮಗಳು ಏನೋ ಅಳ್ಯಾಕತ್ತಾಳ” ಎಂದು ಹೇಳಿ ಬೇರೆ ಮಾತು ತೆಗೆದರು.

ಆ ಜಾಗದಲ್ಲಿ ಹನ್ನೆರಡು ಬಿರುಕುಗಳನ್ನು ಆರಿಸಿ, ಪ್ರತಿಯೊಂದರ ಎರಡೂ ದಂಡೆಗೆ ಬಿಳಿ ಬಣ್ಣ ಬಳಿದ ಗೂಟ ಹೊಡೆದೆ. ಅಗಲಕ್ಕೆ ಒಂದು ಸ್ಟೀಲ್ ಸ್ಕೇಲು. ಆಳಕ್ಕೆ ತೆಳುವಾದ ಕಬ್ಬಿಣದ ಸಳಿ, ಅದರ ಮೇಲೆ ಗರಗಸದಿಂದ ಕೊರೆದ ಗೀಟುಗಳು. ಪ್ರತಿ ಶನಿವಾರ ಮಧ್ಯಾಹ್ನ ಮನೆಗೆ ಬಂದವಳು ಚಹಾ ಕುಡಿದು ಹೊಲಕ್ಕೆ ಹೋಗಿ ಅಳೆದು ಬರೆದುಕೊಳ್ಳುವುದು, ಸೋಮವಾರ ಆ ಪುಟವನ್ನು ಮೇಡಮ್‌ಗೆ ತೋರಿಸುವುದು. ಮೊದಲ ವಾರಗಳಲ್ಲಿ ಬಿರುಕುಗಳು ಬೆರಳು ಹೋಗುವಷ್ಟಿದ್ದವು. ಆಮೇಲೆ ಕೈ ಹೋಗುವಷ್ಟಾದವು. ಒಂದರೊಳಗೆ ಸಳಿ ಇಳಿಬಿಟ್ಟರೆ ತಳವೇ ಸಿಗದೆ, ಮೊಣಕಾಲೂರಿ ತೋಳಿನವರೆಗೆ ಒಳಗೆ ಹಾಕಬೇಕಾಯಿತು. ಒಳಗೆ ಮಣ್ಣು ತಣ್ಣಗಿತ್ತು. ಹಾಗೆ ತಣ್ಣಗಿರುತ್ತದೆ ಎಂಬುದು ಅಷ್ಟು ವರ್ಷ ಅಲ್ಲೇ ಓಡಾಡಿದ ನನಗೆ ಗೊತ್ತಿರಲಿಲ್ಲ. ಅದನ್ನು ಹೇಳಿದಾಗ ಮೇಡಮ್, “ಬರದಿಯೇನು?” ಎಂದರು. ಬರೆದಿರಲಿಲ್ಲ. ಮುಂದಿನ ವಾರದಿಂದ ಅದನ್ನೂ ಬರೆಯತೊಡಗಿದೆ.

ಇಷ್ಟರಲ್ಲಿ ಹಾಸ್ಟೆಲಿನ ನನ್ನ ಕೋಣೆಯ ಹುಡುಗಿಯರೆಲ್ಲ ಸ್ಪರ್ಧಾತ್ಮಕ ಪರೀಕ್ಷೆಯ ಕೋಚಿಂಗಿಗೆ ಸೇರಿದ್ದರು. ಧಾರವಾಡದಲ್ಲಿ ಅದು ತೀರಾ ಸಹಜ. ಓಣಿ ಓಣಿಗೆ ಬೋರ್ಡು, ಚಹಾದಂಗಡಿಯ ಮುಂದೆ ನಿಂತವರ ಕೈಯಲ್ಲೂ ಸಾಮಾನ್ಯ ಜ್ಞಾನದ ಪುಸ್ತಕ. ಅಪ್ಪನಿಗೂ ನಾನು ಸರಕಾರಿ ನೌಕರಿಗೆ ಹೋಗಬೇಕೆಂದಿತ್ತು. ನಾನೂ ಸೇರಿದೆ. ವಾರದಲ್ಲಿ ಕಲಿಸಿದ್ದರ ಮೇಲೆ ಶನಿವಾರ ಮಧ್ಯಾಹ್ನ ಟೆಸ್ಟು ಇರುತ್ತಿತ್ತು. ರ‍್ಯಾಂಕು ಗೋಡೆಗೆ ಅಂಟಿಸುತ್ತಿದ್ದರು.

ಮೊದಲ ಶನಿವಾರ ಟೆಸ್ಟಿಗೆ ಹೋದೆ. ಹೊಲಕ್ಕೆ ಭಾನುವಾರ ಹೋದರಾಯಿತು ಎಂದುಕೊಂಡಿದ್ದೆ. ಭಾನುವಾರ ಪ್ರಶ್ನೆಪತ್ರಿಕೆಯ ಚರ್ಚೆ ಇದೆ ಎಂದರು, ಅದಕ್ಕೂ ಕುಳಿತೆ. ಸೋಮವಾರ ಬೆಳಿಗ್ಗೆ ಕಾಲೇಜಿನ ಕ್ಯಾಂಟೀನಿನಲ್ಲಿ ನೋಟ್‌ಬುಕ್ ತೆರೆದು, ಹಿಂದಿನ ವಾರಗಳ ಅಂಕಿಗಳನ್ನು ನೋಡಿದೆ. ಎಲ್ಲ ಬಿರುಕುಗಳೂ ವಾರಕ್ಕೆ ಸ್ವಲ್ಪ ಸ್ವಲ್ಪ ಅಗಲವಾಗುತ್ತಾ ಬಂದಿದ್ದವು. ಇನ್ನೊಂದು ವಾರದಲ್ಲಿ ಎಷ್ಟಾಗಿರಬಹುದೆಂದು ಊಹಿಸುವುದು ಕಷ್ಟವಿರಲಿಲ್ಲ. ಹನ್ನೆರಡನ್ನೂ ಬರೆದೆ. ಖರೇ ಕಾಣಲೆಂದು ಎರಡು ಬಿರುಕುಗಳನ್ನು ಹಿಂದಿನ ಅಳತೆಯಲ್ಲೇ ಬಿಟ್ಟೆ. ಹಾಗೆ ಬಿಟ್ಟಿದ್ದು ಜಾಣತನ ಎಂದು ಆಗ ಅನಿಸಿತ್ತು. ಮರುವಾರ ಅದೇ ಆಯಿತು. ಎರಡನೆಯ ಸಲ ಬರೆಯಲು ಮೊದಲಿನ ಅರ್ಧದಷ್ಟು ಹೊತ್ತೂ ಹಿಡಿಯಲಿಲ್ಲ.

ಮೇಡಮ್ ಆ ಪುಟಗಳನ್ನು ನೋಡಿ, ಗ್ರಾಫ್ ಹಾಳೆಯ ಮೇಲೆ ಚುಕ್ಕೆ ಇಟ್ಟು, ಗೆರೆ ಎಳೆದು, “ಹೂಂ” ಎಂದರು.

ಮೂರನೆಯ ಶನಿವಾರ ಟೆಸ್ಟು ಇರಲಿಲ್ಲ. ಹೊಲಕ್ಕೆ ಹೋದೆ. ಬಿರುಕುಗಳು ಕಿರಿದಾಗಿದ್ದವು. ಚೂಪಾಗಿದ್ದ ದಂಡೆಗಳು ಮೊಂಡಾಗಿ, ಒಳಗೆ ಮಣ್ಣು ಕುಸಿದು ಕೂತಿತ್ತು. ಕೆಲವು ಕೂದಲೆಳೆಯಷ್ಟೇ ಉಳಿದು ಈಗಷ್ಟೇ ಮತ್ತೆ ಬಾಯಿ ತೆರೆಯುತ್ತಿದ್ದವು. ಏನಾಗಿರಬಹುದೆಂದು ಅರ್ಥವಾಗಲು ಒಂದು ಕ್ಷಣ ಸಾಕಾಯಿತು. ಮನೆಗೆ ಬಂದು ಅವ್ವನನ್ನು ಕೇಳಿದೆ.

“ಮಳಿ ಆಗಿತ್ತೇನಬೇ?”

“ಆಗಿ ಹತ್ತು ದಿನಾ ಆತು. ನಿಮ್ಮಪ್ಪ ಫೋನಿನ್ಯಾಗ ನಿನಗ ಹೇಳಿದ್ರಲ್ಲ. ನೀನ ಹಾಂ ಹಾಂ ಅಂದಿ.”

ಆಗ ನನ್ನ ಮುಂದೆ ಎರಡು ದಾರಿಗಳಿದ್ದವು: ಅಳೆದದ್ದನ್ನೇ ಬರೆದು ನಿಜ ಒಪ್ಪಿಕೊಳ್ಳುವುದು, ಇಲ್ಲವೇ ಆ ವಾರ ಹೊಲಕ್ಕೆ ಹೋಗಲಿಲ್ಲ ಎಂದುಬಿಡುವುದು. ಮೂರನೆಯದೊಂದನ್ನು ನಾನೇ ಮಾಡಿಕೊಂಡೆ. ಹೊಲಕ್ಕೆ ವಾಪಸು ಹೋಗಿ ಸ್ಕೇಲು ಇಟ್ಟು ಅಳೆದೆ. ಆದರೆ ಬರೆದದ್ದು ಅಳೆದದ್ದನ್ನಲ್ಲ. ಮೇಡಮ್ ಎಳೆದ ಗೆರೆ ಎಲ್ಲಿಗೆ ಹೋಗಬೇಕಿತ್ತೋ ಅಲ್ಲಿಗೆ ಹೊಂದುವ ಅಂಕಿಗಳನ್ನು ಬರೆದೆ. ಧಾರವಾಡದಲ್ಲಿ ಆ ಮಳೆಯ ದಿನ ಹನಿಯೂ ಬಿದ್ದಿರಲಿಲ್ಲ. ಸುಳ್ಳದ ಮಳೆ ಅವರಿಗೆ ಹೇಗೆ ಗೊತ್ತಾಗಬೇಕು? ಮುಂದಿನ ವಾರಗಳಲ್ಲಿ ಬಿರುಕುಗಳು ಹೇಗೂ ಮತ್ತೆ ಅಗಲವಾಗುತ್ತವೆ, ಎಲ್ಲ ಒಂದು ಕಡೆ ಕೂಡಿಕೊಳ್ಳುತ್ತದೆ ಎಂದು ಲೆಕ್ಕ ಹಾಕಿದ್ದೆ.

ಸೋಮವಾರ ಪುಟ ನೋಡಿದ ಮೇಡಮ್ ಕನ್ನಡಕ ತೆಗೆದು, “ಬರೂ ಶನಿವಾರ ನಾನೂ ಬರ್ತೇನಿ. ಒಮ್ಮೆ ನೋಡಬೇಕು” ಎಂದರು.

ಅನುಮಾನದಿಂದ ಅಂದರೋ, ಹಾಗೇ ಅಂದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಬೇಡ ಎನ್ನಲು ಕಾರಣ ಸಿಗಲಿಲ್ಲ. ಆ ವಾರ ಹೊಟ್ಟೆನೋವೆಂದು ಹೇಳಲೇ, ಮನೆಯಲ್ಲಿ ಕಾರ್ಯವಿದೆ ಎನ್ನಲೇ ಎಂದು ಯೋಚಿಸುತ್ತಾ ಐದು ದಿನ ಕಳೆದೆ. ನಿಜ ಹೇಳುವುದೂ ತಲೆಗೆ ಬಂದಿತ್ತು. ಎರಡು ಸಲ ಲ್ಯಾಬಿನ ಬಾಗಿಲವರೆಗೆ ಹೋದೆ. ಒಮ್ಮೆ ಅವರು ಫೋನಿನಲ್ಲಿದ್ದರು. ಇನ್ನೊಮ್ಮೆ ಒಬ್ಬರೇ ಇದ್ದರು, ಆದರೂ ಬಂದ ದಾರಿಯಲ್ಲೇ ತಿರುಗಿ ಬಂದೆ.

ಶನಿವಾರ ಇಬ್ಬರೂ ಬಸ್ಸಿನಲ್ಲಿ ಬಂದೆವು. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸುವಾಗ ಅವರು ಅರ್ಧ ಡಜನ್ ಬಾಳೆಹಣ್ಣು ಕೊಂಡು ಚೀಲದಲ್ಲಿಟ್ಟುಕೊಂಡರು. ಊರಲ್ಲಿ ಅಪ್ಪ ನಿಲ್ದಾಣದವರೆಗೆ ಬಂದು ಕಾದಿದ್ದರು. ಇಸ್ತ್ರಿ ಮಾಡಿದ ಅಂಗಿ, ಟೊಪ್ಪಿಗೆ. ಮಗಳ ಕಾಲೇಜಿನಿಂದ ಮೇಡಮ್ ಬರುವುದು ನಮ್ಮ ಓಣಿಗೆ ಸಣ್ಣ ವಿಷಯವಾಗಿರಲಿಲ್ಲ. ಮೂವರೂ ಸೀದಾ ಹೊಲಕ್ಕೆ ಹೋದೆವು.

ಮೇಡಮ್ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ನೆಲಕ್ಕೆ ಕೂತು, ಸ್ಕೇಲನ್ನು ನನ್ನ ಕೈಯಿಂದ ತೆಗೆದುಕೊಂಡರು. “ನಾ ಹೇಳ್ತೇನಿ, ನೀ ಬರ್ಕೋ.” ಮೊದಲ ಬಿರುಕಿನ ಅಂಕಿ ಹೇಳಿದರು. ನಾನು ಬರೆದೆ. ಹೋದ ವಾರ ನಾನು ಬರೆದಿದ್ದ ಅಂಕಿಯ ಅರ್ಧಕ್ಕಿಂತ ಅದು ಸ್ವಲ್ಪ ಹೆಚ್ಚಿತ್ತು, ಅಷ್ಟೇ. ಎರಡನೆಯದೂ ಹಾಗೇ. ಮೂರನೆಯದಕ್ಕೆ ಅವರು ತಲೆ ಎತ್ತಿ ನನ್ನನ್ನು ನೋಡಿಯಾರು ಎಂದುಕೊಂಡೆ. ನೋಡಲಿಲ್ಲ. ಹನ್ನೆರಡನ್ನೂ ಅಳೆದರು. ಒಂದರ ಮುಂದೆ ಕವುಚಿ ಮಲಗಿ ಒಂದು ಕಣ್ಣು ಮುಚ್ಚಿ ಒಳಗೆ ಇಣುಕಿದರು. ಅಪ್ಪ ಗಾಬರಿಯಾಗಿ, “ಮೇಡಮ್‌ರ, ಸೀರಿ ಮಣ್ಣಾಗತೈತ್ರಿ” ಎಂದರು. “ಆಗ್ಲಿ ಬಿಡ್ರಿ” ಎಂದರು ಮೇಡಮ್.

ಆಮೇಲೆ ಬೇವಿನ ಗಿಡದ ನೆರಳಿಗೆ ಬಂದು ನೋಟ್‌ಬುಕ್ ತೆಗೆದುಕೊಂಡು, ಹಿಂದಿನ ಪುಟಗಳನ್ನು ಒಂದೊಂದಾಗಿ ತಿರುವಿದರು. ಪ್ರಶ್ನೆ ಕೇಳಿದ್ದು ಅಪ್ಪನಿಗೆ.

“ಇಲ್ಲೆ ಈಗಿತ್ತಲಾಗ ಮಳಿ ಏನರೆ ಆಗಿತ್ತೇನ್ರಿ?”

“ಆಗಿತ್ರೀ. ಒಂದ ತಾಸು ಜಬರದಸ್ತ್ ಹೊಡೀತು. ಎರಡ ವಾರದ ಹಿಂದಿನ ಬುಧವಾರ. ಇಕಿ ಬಿರುಕು ಏನಾದ್ವೋ ಅಂತ ಮರುದಿನ ಮುಂಜಾನೆ ನಾನ ಬಂದು ನೋಡಿದ್ನಿರಿ.”

“ಏನಾಗಿದ್ವು?”

“ಮುಚ್ಚಿಬಿಟ್ಟಿದ್ವು. ಎರಡು ಬಿಟ್ಟು ಎಲ್ಲಾ. ನಾಕ ದಿನಾ ಬಿಸಲು ಬಿತ್ತು ನೋಡ್ರಿ, ಮತ್ತ ಅಲ್ಲೇ ಬಿರಿಯಾಕತ್ತಿದ್ವು.”

“ಮುಚ್ಚಲಾರದ್ದು ಯಾವ ಎರಡು?”

ಅಪ್ಪ ಎದ್ದು ಹೋಗಿ ಬದುವಿನ ಕಡೆಯ ಎರಡು ಗೂಟಗಳನ್ನು ಮುಟ್ಟಿ ತೋರಿಸಿದರು. ಮೇಡಮ್ ನೋಟ್‌ಬುಕ್ ನನ್ನ ಕೈಗೆ ಕೊಟ್ಟರು.

“ಬರ್ಕೋ. ಯಾರು ನೋಡಿದ್ರು, ಯಾವತ್ತು ನೋಡಿದ್ರು, ಅದನ್ನೂ ಬರಿ.”

ಬರೆದೆ. ಈಗ ನೋಡಿದರೂ ಅಕ್ಷರಗಳು ಎಂದಿನಂತೆಯೇ ಇವೆ. ಕಿವಿ ಮಾತ್ರ ಬಿಸಿಯಾಗಿತ್ತು. ಅಪ್ಪನಿಗೆ ಏನೂ ತಿಳಿದಿರಲಿಲ್ಲ. ತಾನು ನೋಡಿದ್ದು ಪುಸ್ತಕದಲ್ಲಿ ಬರೆದುಕೊಳ್ಳುವಂಥದ್ದು ಎಂದು ಅವರಿಗೆ ಖುಷಿಯಾಗಿತ್ತು.

ಮನೆಯಲ್ಲಿ ಅವ್ವ ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಮಾಡಿದ್ದಳು. ಮೇಡಮ್ ನೆಲಕ್ಕೆ ಕೂತು ಊಟ ಮಾಡಿದರು. ಹಿಂಡಿಗೆ ಏನೇನು ಹಾಕುತ್ತೀರೆಂದು ಅವ್ವನನ್ನು ಕೇಳಿದರು. ಮಗಳು ಹೇಗೆ ಓದುತ್ತಾಳೆ ಎಂದು ಅಪ್ಪ ಕೇಳಿದಾಗ ನನ್ನ ಕೈಯಲ್ಲಿನ ತುತ್ತು ಅಲ್ಲೇ ನಿಂತಿತು. “ಕಲೀಲಿಕತ್ತಾಳ್ರಿ” ಎಂದರು ಮೇಡಮ್.

ಅವರನ್ನು ಬಸ್ಸಿಗೆ ಬಿಡಲು ನಾನೊಬ್ಬಳೇ ಹೋದೆ. ನಿಲ್ದಾಣದ ಕಟ್ಟೆಯ ಮೇಲೆ ಕೂತೆವು. ಅವರೇ ಮೊದಲು ಮಾತಾಡಲಿ ಎಂದು ಕಾದೆ.  ಕೊನೆಗೆ ನಾನೇ ಹೇಳಿದೆ.

“ಎರಡ ವಾರ ನಾ ಬಂದಿದ್ದಿಲ್ರಿ ಮೇಡಮ್. ಕೋಚಿಂಗ್ ಇತ್ತು. ಸುಮ್ಮನ ಬರದಿದ್ದೆ.”

“ಮೂರನೇದ್ದು?”

“ಅವತ್ತ ಬಂದಿದ್ನಿರಿ. ನೋಡೇನಿ. ಬ್ಯಾರೆ ಬರದೇನಿ.”

ಅವರು ನನ್ನ ಕಡೆ ತಿರುಗಿದರು. ದನಿ ಎತ್ತರಿಸಲಿಲ್ಲ.

“ನೀ ನನಗ ಕೇಳಿದ ಪ್ರಶ್ನೆ ನೆನಪದ ಏನು? ಮುಚ್ಚಿದ್ದು ಅಲ್ಲೇ ಬಿರೀತದೋ ಬ್ಯಾರೆ ಕಡೆ ಬಿರೀತದೋ. ಅದಕ್ಕ ವರ್ಷಗಟ್ಟಲೆ ಕಾಯಬೇಕಾಗ್ತದ ಅಂತ ನಾ ಅನ್ಕೊಂಡಿದ್ದೆ. ಉತ್ತರಾ ತಾನ ನಿಮ್ಮ ಹೊಲಕ್ಕ ಬಂದಿತ್ತು. ನೀನ ಇರಲಿಲ್ಲ.”

ಬೈದಿದ್ದರೆ ಅಳುತ್ತಿದ್ದೆನೇನೋ. ಇದಕ್ಕೆ ಅಳಲೂ ಬರಲಿಲ್ಲ. ಸುಳ್ಳು ಬರೆದದ್ದಕ್ಕಿಂತ, ಆ ಬುಧವಾರ ತಪ್ಪಿಹೋದದ್ದು ಅವರಿಗೆ ಹೆಚ್ಚು ನೋವಾದಂತಿತ್ತು. ಅದು ನನಗೆ ವಿಚಿತ್ರವೆನಿಸಿತು.

“ಈಗೇನ್ ಮಾಡ್ಲಿರಿ?”

“ಮೂರೂ ವಾರದ ಅಂಕಿ ಮ್ಯಾಲೆ ಒಂದೊಂದು ಗೆರಿ ಎಳಿ. ರಬ್ಬರ್ ಹಚ್ಚಬ್ಯಾಡ, ಹಾಳಿ ಹರೀಬ್ಯಾಡ. ಬಾಜು ಬರಿ, ನೋಡಿಲ್ಲ ಅಂತ. ಮೂರನೇದ್ದಕ್ಕ, ನೋಡೀನಿ, ತಪ್ಪು ಬರದೀನಿ ಅಂತ.” ಬಸ್ಸು ದೂರದಲ್ಲಿ ಕಾಣಿಸಿತು. ಚೀಲ ಹೆಗಲಿಗೇರಿಸುತ್ತಾ ಹೇಳಿದರು, “ಮುಂದ ಮಾಡೂದಿತ್ತಂದ್ರ ಶನಿವಾರ ನಿಂದಲ್ಲ, ಹೊಲದ್ದು. ಆಗೂದಿಲ್ಲಂದ್ರ ಲೈಬ್ರರಿಯೊಳಗ ಕೂತು ಬರಿಯೋ ವಿಷಯ ಕೊಡ್ತೇನಿ. ಅದರಾಗ ಏನೂ ಕಮ್ಮೀಪಣಾ ಇಲ್ಲ. ಸೋಮವಾರ ಹೇಳು.”

ಸೋಮವಾರ ಹೊಲದ್ದೇ ಮಾಡುತ್ತೇನೆಂದು ಹೇಳಿದೆ. ಪಶ್ಚಾತ್ತಾಪ ಎಂದರೆ ಪೂರ್ತಿ ನಿಜವಾಗುವುದಿಲ್ಲ. ಅಪ್ಪ ಬಿಟ್ಟುಕೊಟ್ಟ ಆ ಜಾಗಕ್ಕೆ ನಡುವೆ ಕುಂಟೆ ಹೊಡೆಯಿರಿ ಎಂದು ಹೇಳಲು ನನಗೆ ಕಾರಣ ಕೊಡಬೇಕಾಗುತ್ತಿತ್ತು. ಅದಕ್ಕಿಂತ ಅಳೆಯುವುದೇ ಸುಲಭವಾಗಿತ್ತು. ಕೋಚಿಂಗಿನಲ್ಲಿ ಶನಿವಾರದ ಟೆಸ್ಟು ಬಿಟ್ಟೆ. ಗೋಡೆಯ ರ‍್ಯಾಂಕು ಪಟ್ಟಿಯಿಂದ ನನ್ನ ಹೆಸರು ಹೋಯಿತು. ಮಳೆಗಾಲ ಹಿಡಿಯುವವರೆಗೆ ಒಂದು ವಾರವೂ ತಪ್ಪಿಸಲಿಲ್ಲ. ಬಿರುಕುಗಳು ಹಳೆಯ ಗೂಟಗಳ ನಡುವೆಯೇ ಮತ್ತೆ ಬಿರಿದವು, ಒಂದು ಮಾತ್ರ ಗೇಣಿನಷ್ಟು ಸರಿದು ಬಿರಿಯಿತು. ಅದು ಯಾಕೆ ಸರಿಯಿತೆಂದು ನನಗೂ ಮೇಡಮ್‌ಗೂ ತಿಳಿಯಲಿಲ್ಲ. ವರದಿಯಲ್ಲಿ ಹಾಗೆಯೇ ಬರೆದೆವು.

ಮೌಖಿಕ ಪರೀಕ್ಷೆಗೆ ಬೇರೆ ಊರಿನಿಂದ ಒಬ್ಬ ಪ್ರಾಧ್ಯಾಪಕರು ಬಂದಿದ್ದರು. ಗ್ರಾಫಿನ ನಡುವೆ ಗೆರೆ ತುಂಡಾಗಿರುವ ಜಾಗದ ಮೇಲೆ ಪೆನ್ನಿನ ತುದಿ ಇಟ್ಟು ಕೇಳಿದರು.

“ಇಲ್ಲೇನಾತು?”

“ಎರಡು ವಾರ ಅಳೀಲಿಲ್ರಿ ಸರ್. ಅಳದೀನಿ ಅಂತ ಬರದಿದ್ದೆ. ಮೂರನೇ ವಾರದ್ದೂ ತಪ್ಪು ಬರದಿದ್ದೆ. ಆಮ್ಯಾಲೆ ಹೊಡದು ಹಾಕೀನಿ.”

ಅವರು ಮೇಡಮ್ ಕಡೆ ನೋಡಿದರು. ಮೇಡಮ್ ಕಿಟಕಿಯ ಕಡೆ ನೋಡುತ್ತಿದ್ದರು. “ಇದನ್ನ ಹೇಳಬೇಕಂತ ಏನಿತ್ತು?” ಎಂದು ಆ ಪ್ರಾಧ್ಯಾಪಕರು ನನಗೆ ಕೇಳಿದಂತೆಯೂ ಅಲ್ಲ, ತಮ್ಮಷ್ಟಕ್ಕೆ ಅಂದಂತೆಯೂ ಅಲ್ಲ, ಹಾಗೆ ಕೇಳಿ ಮುಂದಿನ ಪುಟಕ್ಕೆ ಹೋದರು. ಅಂಕಗಳು ಸಾಧಾರಣ ಬಂದವು. ಝೆರಾಕ್ಸ್ ಅಂಗಡಿಯಿಂದ ವರದಿ ತಂದಿದ್ದ ನನ್ನ ಗೆಳತಿಗೆ ನನಗಿಂತ ಹೆಚ್ಚು ಬಂದವು. ಹೊರಗೆ ಬಂದಾಗ ಮೇಡಮ್ ಊಟ ಆಯಿತೇ ಎಂದು ಕೇಳಿದರು. 

ನಾನು ಸಂಶೋಧನೆಗೆ ಹೋಗಲಿಲ್ಲ. ಮತ್ತೊಂದು ವರ್ಷ ಓದಿ, ಅಪ್ಪ ಬಯಸಿದ್ದ ಪರೀಕ್ಷೆಯನ್ನೇ ಪಾಸು ಮಾಡಿ ಈಗ ಹುಬ್ಬಳ್ಳಿಯ ಒಂದು ಕಚೇರಿಯಲ್ಲಿದ್ದೇನೆ. ಅಲ್ಲಿ ಭೂವಿಜ್ಞಾನ ಯಾರಿಗೂ ಬೇಕಿಲ್ಲ.

ಆ ವರ್ಷ ಕಾಲೇಜಿನ ಪರೀಕ್ಷೆಗಳು ಮುಗಿದು ಊರಿಗೆ ಬಂದ ವಾರ, ಬೈಂಡ್ ಮಾಡಿಸಿದ ವರದಿಯ ಒಂದು ಪ್ರತಿಯನ್ನು ಅಪ್ಪ ಓದಿ ಹೇಳೆಂದರು. ಇಂಗ್ಲಿಷಿನಲ್ಲಿತ್ತು. ಪಡಸಾಲೆಯಲ್ಲಿ ಕೂತು ಒಂದೊಂದು ಪುಟವನ್ನು ಕನ್ನಡದಲ್ಲಿ ಹೇಳುತ್ತಾ ಹೋದೆ. ಆ ಮೂರು ವಾರಗಳ ಪುಟ ಬಂದಾಗ ದಾಟಿಸಿಬಿಡಬಹುದಿತ್ತು. ದಾಟಿಸಲಿಲ್ಲ.

ಅಪ್ಪ ಕೇಳಿ ಮುಗಿಸಿ, ಎಲೆಗೆ ಸುಣ್ಣ ಸವರಿ, ಅಡಿಕೆ ಬಾಯಿಗೆ ಹಾಕಿಕೊಂಡರು.

“ಹಂಗಾರ ಅವತ್ತ ಹೊಲದಾಗ ಮೇಡಮ್‌ಗ ಗೊತ್ತಾಗಿತ್ತು.”

“ಹೂಂ.”

“ಊಟಕ್ಕ ಕುಂತಾಗೂ ಗೊತ್ತಿತ್ತು.”

“ಹೂಂ ಅಪ್ಪಾ.”

“ನನ್ನ ಮುಂದ ಅನಲಿಲ್ಲ ನೋಡು.” ಅಪ್ಪ ಎಲೆ ಅಡಿಕೆಯ ಚೀಲ ಸುತ್ತಿ ಪಕ್ಕಕ್ಕಿಟ್ಟರು. ನನ್ನ ಮೇಲೆ ಸಿಟ್ಟಾದರೋ ಇಲ್ಲವೋ ತಿಳಿಯಲಿಲ್ಲ. ಆಮೇಲೆ, “ನಾ ನೋಡಿದ್ದು ಐತೇನು ಅದ್ರಾಗ?” ಎಂದು ಕೇಳಿದರು.

ಇತ್ತು. ಆ ಸಾಲನ್ನು ಬೆರಳಿಟ್ಟು ತೋರಿಸಿ, ಮಳೆಯ ಮರುದಿನ ಬೆಳಿಗ್ಗೆ ಹೊಲದ ಮಾಲೀಕರು ಕಂಡಂತೆ ಎರಡು ಬಿರುಕುಗಳ ಹೊರತು ಉಳಿದವೆಲ್ಲ ಮುಚ್ಚಿದ್ದವು ಎಂದು ಹೇಳಿದೆ. ಇನ್ನೊಮ್ಮೆ ಹೇಳು ಎಂದರು. ಹೇಳಿದೆ. ಅವರ ಹಣೆ ಗಂಟಾಯಿತು.

“ಎರಡೋ, ಮೂರೋ… ಬಾವಿ ಕಡೆ ಇನ್ನೊಂದು ಇತ್ತು ಅನಸ್ತೈತಿ. ಈಗ ಖರೇ ಹೇಳಬೇಕಂದ್ರ ನೆಪ್ಪಿಲ್ಲವಾ.”

ಮರುದಿನ ಮೇಡಮ್‌ಗೆ ಫೋನು ಮಾಡಿದೆ. ವರದಿ ಆಗಲೇ ಕಾಲೇಜಿಗೆ ಹೋಗಿ ಕಪಾಟು ಸೇರಿತ್ತು. ಇನ್ನು ಅದರಿಂದ ಯಾರಿಗೂ ಆಗಬೇಕಾದ್ದು ಏನೂ ಇರಲಿಲ್ಲ. ಆದರೂ ಹೇಳಿದೆ. ಅವರು ಆ ಕಡೆ ಎಲ್ಲ ಕೇಳಿಸಿಕೊಂಡು, “ಅವತ್ತ ಎರಡು ಅಂದಿದ್ರು, ಎರಡ ಇರ್ಲಿ” ಎಂದರು. “ಕೆಳಗ ಪೆನ್ನಿಲೆ ಬರಿ, ಆಮ್ಯಾಲೆ ಮೂರು ಇರಬಹುದು ಅಂದ್ರು ಅಂತ. ಕಾಲೇಜಿನ ಪ್ರತಿಯೊಳಗ ನಾ ಬರೀತೇನಿ.”